ಕೊಕ್ಕಿಲ್ಲದ ಗಿಣಿ

ಖೈರೂನಬಿಯ ಎಡಗೈ ತೋರುಬೆರಳಿನೊಳಗೆ ಮಷಿನ್ನಿನ ಸೂಜಿ ಮೂರು ಸಲ ಇಳಿದು ಮೇಲೆ ಬಂತು. ಬೆರಳಿಗೆ ಅರಿವೆ ಸುತ್ತಿ, ಅವಳನ್ನು ಅದೇ ಮಷಿನ್ನಿಗೆ ಮತ್ತೆ ಕೂರಿಸಿ, ಒಂದು ರೇಷ್ಮೆ ಚಿಂದಿಯ ಮೇಲೆ ಆ ನೋವನ್ನೆಲ್ಲ ಹೊಲಿಸಿಕೊಂಡರು. ಮರುದಿನ ಬೆರಳಿನಲ್ಲಿ ನೋವಿರಲಿಲ್ಲ, ಬೇರೇನೂ ಇರಲಿಲ್ಲ. ಮುಟ್ಟಿದ್ದು ತಿಳಿಯದ ಬೆರಳು ತೆಳು ರೇಷ್ಮೆಗೆ ಆಗಿಬರುವುದಿಲ್ಲವೆಂದು ಅವಳನ್ನು ಕೆಲಸದಿಂದ ತೆಗೆದರು.

ಅದು ಶ್ರಾವಣದ ಮಾತು. ನಾನು ಹುಲಿಗೆವ್ವ, ಖೈರೂನಬಿಯ ಪಕ್ಕದ ಮಷಿನ್ನಿನವಳು. ಹನ್ನೊಂದು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಹೊಲಿದಿದ್ದೇವೆ. ರೇಷ್ಮೆಯ ಮೇಲೆ ಕಸೂತಿ ಹಾಕುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ನಿನ ಕಾಲನ್ನು ಬಿಚ್ಚಿಡಬೇಕು; ರಿಂಗಿಗೆ ಬಿಗಿದ ಬಟ್ಟೆ ನಾಲ್ಕೂ ಕಡೆ ಸರಿದಾಡಬೇಕಲ್ಲ. ಆಗ ಸೂಜಿಗೂ ಬೆರಳಿಗೂ ನಡುವೆ ಏನೂ ಉಳಿಯುವುದಿಲ್ಲ. ತುಳಿಯುವ ಮಷಿನ್ನಾದರೆ ಸೂಜಿ ಒಮ್ಮೆ ಚುಚ್ಚಿತೆಂದರೆ ಪಾದ ತಾನಾಗಿ ನಿಲ್ಲುತ್ತದೆ. ಆ ವಾರವಷ್ಟೇ ನಮ್ಮ ಗುರುಪಾದಪ್ಪ ಸಾಹುಕಾರರು ಎಲ್ಲ ಮಷಿನ್ನುಗಳಿಗೂ ಮೋಟಾರು ಕೂರಿಸಿದ್ದರು. ಮೋಟಾರಿಗೆ ಬೆರಳೂ ಬಟ್ಟೆಯೂ ಒಂದೇ. ಅದು ಮೂರು ಹೊಲಿಗೆ ಹಾಕಿ ನಿಂತಿತು.

ನಮ್ಮೂರಿನಲ್ಲಿ ಹೊಲಿಯುವವಳ ಮೈಯಲ್ಲಿದ್ದದ್ದು ರೇಷ್ಮೆಗೆ ಇಳಿಯುತ್ತದೆ, ಉಟ್ಟವಳ ಮೈಯ ಕಾವು ತಾಗಿದ ಕೂಡಲೇ ಅವಳಿಗೆ ಏರುತ್ತದೆ. ಹತ್ತಿಯ ಅರಿವೆಗೆ ಹತ್ತುವುದಿಲ್ಲ, ಉಣ್ಣೆಗೆ ಹತ್ತುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನ ವ್ಯಾಪಾರಿಗಳು ಕೇಳುತ್ತಾರೆ. ಊರಿನವರು ಕೇಳುವುದಿಲ್ಲ, ಹುಷಾರಾಗಿರುತ್ತಾರೆ, ಅಷ್ಟೆ. ಒಮ್ಮೆ ಪುರಸಭೆ ಅಧ್ಯಕ್ಷರ ಶಲ್ಯದ ಅಂಚನ್ನು ಹಲ್ಲುನೋವಿನವಳೊಬ್ಬಳು ಹೊಲಿದಿದ್ದಳು. ಧ್ವಜ ಏರಿಸಿ ಎರಡು ಮಾತು ಆಡುವಷ್ಟರಲ್ಲಿ ಅವರು ದವಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆವತ್ತಿನಿಂದ ಮದುವೆ ಮನೆಯವರು ಸೀರೆ ಕೊಡುವ ಮೊದಲು, ಹೆಣ್ಣು ನೋಡಲು ಬರುವ ಹಾಗೆ, ಹೊಲಿಯುವವಳನ್ನು ನೋಡಲು ಬರುತ್ತಾರೆ. ಚಾಪೆ ಹಾಕಿ ಕೂತು, ಎಲೆಅಡಿಕೆ ಬಾಯಿಗಿಟ್ಟುಕೊಂಡು ವಿಚಾರಿಸುತ್ತಾರೆ. ಹಾಗೆ ಬಂದ ಮುದುಕಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು.

“ನಿದ್ದಿ ಸರಿಯಾಗಿ ಬರ್ತೈತೇನವಾ?”

“ಬರ್ತೈತ್ರಿ.”

“ಉಂಡದ್ದು ಕರಗತೈತಿ?”

“ಉಂಡರ ಕರಗತೈತ್ರಿ.”

“ಗಂಡನ ಕಾಟ ಗಿಟ?”

“ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷ ಆತ್ರಿ.”

“ಹಂಗಾರ ಚಲೋ ಆತು ಬಿಡು,” ಎಂದು ಆ ಮುದುಕಿ ಸಮಾಧಾನದಿಂದ ಎಲೆ ಅಗಿದಳು. ನನ್ನನ್ನು ಆರಿಸಿದರು.

ಸಾಹುಕಾರರ ಶೆಡ್ಡಿನ ಬಾಗಿಲ ಮೇಲೆ ‘ಇಲ್ಲಿ ಸಂತೃಪ್ತ ಕೈಗಳ ಕಸೂತಿ ದೊರೆಯುತ್ತದೆ’ ಎಂದು ಬೋರ್ಡು ಹಾಕಿದ್ದಾರೆ. ಇಪ್ಪತ್ತಾರು ಜನ ಹೆಂಗಸರ ಐವತ್ತೆರಡು ಕೈಗಳನ್ನು ದಿನಾಲೂ ಸಂತೃಪ್ತ ಮಾಡುವುದು ಹೇಗೆ? ಅದಕ್ಕೆ ಚಿಂದಿ ಇತ್ತು. ಬೆಳಿಗ್ಗೆ ಕೂತ ಕೂಡಲೇ ಕಾಡಪ್ಪ ಮೇಸ್ತ್ರಿ ಒಬ್ಬೊಬ್ಬರಿಗೆ ಅಂಗೈಯಗಲದ ರೇಷ್ಮೆ ತುಂಡು ಕೊಡುತ್ತಿದ್ದ. ದಾರ ಬಿಗಿ ಆಗಿದೆಯೋ ಸಡಿಲ ಆಗಿದೆಯೋ ನೋಡಲು ಯಾವ ಊರಿನಲ್ಲಾದರೂ ಮೊದಲು ಚಿಂದಿಯ ಮೇಲೆ ಹೊಲಿದು ನೋಡುತ್ತಾರೆ. ನಮ್ಮಲ್ಲಿ ಅದರ ಜೊತೆಗೆ ಆವತ್ತಿನ ಮೈನೋವು, ಮನೆಯ ಜಗಳ, ಎದೆಯ ಭಾರ ಎಲ್ಲವನ್ನೂ ಅದರ ಮೇಲೆ ಇಳಿಸಬೇಕಿತ್ತು. ನಾವು ಬೇಡವೆನ್ನುತ್ತಿರಲಿಲ್ಲ. ಯಾರು ಬೇಡವೆಂದಾರು? ಕಾಲು ಗಂಟೆಯಲ್ಲಿ ಸೊಂಟ ಹಿಡಿದದ್ದು ಬಿಡುತ್ತಿತ್ತು, ಕಣ್ಣು ತಿಳಿಯಾಗುತ್ತಿತ್ತು. ಮೇಸ್ತ್ರಿ ಆ ತುಂಡುಗಳನ್ನು ಇಕ್ಕಳದಿಂದ ಹಿಡಿದು ಚೀಲಕ್ಕೆ ಹಾಕುತ್ತಿದ್ದ. ಅಮಾವಾಸ್ಯೆಗೊಮ್ಮೆ ಹಿತ್ತಲಿನ ಒಲೆಯಲ್ಲಿ ಸುಡುತ್ತೇವೆ ಎಂದು ಹೇಳುತ್ತಿದ್ದರು. ಹೊಗೆಯೂ ಕಾಣುತ್ತಿತ್ತು.

ಚಿಂದಿಯ ಮೇಲೆ ಇಂಥದ್ದೇ ಹೊಲಿಯಬೇಕೆಂಬ ನೇಮವಿರಲಿಲ್ಲ. ಒಬ್ಬೊಬ್ಬಳಿಗೆ ಒಂದೊಂದು ರೂಢಿಯಾಗಿತ್ತು. ಖೈರೂನಬಿ ದಾಳಿಂಬೆ ಬೀಜಗಳನ್ನು ಹೊಲಿಯುತ್ತಿದ್ದಳು, ಒತ್ತೊತ್ತಾಗಿ, ಸಾಲಾಗಿ. ನಾನು ಗಿಣಿ. ಬಾಲದಿಂದ ಶುರುಮಾಡಿ ರೆಕ್ಕೆ, ಹೊಟ್ಟೆ, ಕತ್ತು, ಕಣ್ಣು. ಕೊಕ್ಕಿಗೆ ಬರುವ ಹೊತ್ತಿಗೆ ಮೈಯೆಲ್ಲ ಹಗುರಾಗಿರುತ್ತಿತ್ತು, ಅಲ್ಲಿಗೇ ದಾರ ಕತ್ತರಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಗಿಣಿಗೂ ಕೊಕ್ಕು ಮೂಡಲಿಲ್ಲ.

“ಮೂಗು ಕೊಯ್ದ ಗಿಣಿ ಅಲ್ಲಽ ಇದು,” ಎಂದು ಖೈರೂನಬಿ ನಗುತ್ತಿದ್ದಳು. “ಹಣ್ಣು ಹೆಂಗ ತಿಂತೈತಿ?”

“ಸಾಹುಕಾರ್ರ ಗಿಣಿ. ತಿನ್ನೂದು ಬ್ಯಾಡ, ಕುಂತರ ಸಾಕು,” ಎನ್ನುತ್ತಿದ್ದೆ.

ಖೈರೂನಬಿಯ ಬೆರಳಿಗಿಂತ ಮೊದಲು, ಅದೇ ವರ್ಷ ಯುಗಾದಿಯ ಹೊತ್ತಿಗೆ ನನ್ನ ಅಪ್ಪ ತೀರಿಕೊಂಡಿದ್ದ. ಅವನು ಹೂ ಕಟ್ಟುವವನು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಬಾಳೆನಾರು ನೆನೆಯುತ್ತಿತ್ತು. ಮಣ್ಣು ಮಾಡಿ ಮೂರನೆಯ ದಿನ ಮೇಸ್ತ್ರಿ ಹೇಳಿ ಕಳಿಸಿದ. ಕಂದು ಬಣ್ಣದ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ಹೋದೆ. ಮಷಿನ್ನಿಗೆ ಕಂದು ದಾರವೇ ಪೋಣಿಸಿತ್ತು, ಅದರಲ್ಲೇ ಚಿಂದಿ ಹಾಕಿದೆ. ಉಳಿದ ದಿನಗಳಲ್ಲಿ ಹಸಿರು ಗಿಣಿ ಹೊಲಿಯುವವಳು ಆವತ್ತು ಒಂದೇ ಒಂದು ಕಂದು ಗಿಣಿ ಹೊಲಿದೆ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದೆ. ಅಪ್ಪನಿಗಾಗಿ ನಾನು ಅತ್ತದ್ದು ಆ ಮೂರು ದಿನ ಮಾತ್ರ. ಐದನೆಯ ದಿನಕ್ಕೆ ಅವನ ಅಂಗಿಯನ್ನು ಗೂಟದಿಂದ ತೆಗೆದು ಒಲೆ ಒರೆಸಲು ಇಟ್ಟುಕೊಂಡೆ. ಅವ್ವ ನೋಡಿದಳು.

“ಕಲ್ಲು ಹೆತ್ತೀನಿ ನಾನು,” ಎಂದಳು. ನನಗೆ ಕೆಡುಕೆನಿಸಲಿಲ್ಲ. ಕೆಡುಕೆನಿಸಬೇಕಿತ್ತು ಎಂದು ಗೊತ್ತಾಯಿತು, ಅಷ್ಟೆ.

ಕಾರ್ತಿಕ ಹತ್ತಿದ ಮೇಲೆ ಸಾಹುಕಾರರ ಹೆಂಡತಿ ನೀಲಾಂಬಿಕಾ ಅಕ್ಕಾವರು ನಮ್ಮ ಹೊಂಡದ ಓಣಿಗೆ ಬಂದು ಕೌದಿ ಹಂಚಿದರು. ಮನೆಗೊಂದು, ವಯಸ್ಸಾದವರ ಹೆಸರಿಗೆ. ದಪ್ಪನೆಯ ಕೌದಿ, ಮೇಲೆ ಕೆಳಗೆ ಒಳ್ಳೆಯ ಅರಿವೆ, ಕೈಹೊಲಿಗೆ ಒತ್ತಾಗಿತ್ತು. ಅಕ್ಕಾವರು ಕೈಯಿಂದ ಮುಟ್ಟಲಿಲ್ಲ. ಉದ್ದನೆಯ ಕೋಲಿನ ಮೇಲೆ ಒಂದೊಂದನ್ನೇ ಎತ್ತಿಸಿ, ಹೊಸ್ತಿಲ ಮುಂದೆ ಇಳಿಸಿದರು. ನಮ್ಮ ಓಣಿಯವರಿಗೆ ಹಾಗೆ ಮುಟ್ಟದೆ ಕೊಟ್ಟವರು ಅವರೇ ಮೊದಲೇನಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಆ ಚಳಿಗಾಲ ಓಣಿಯ ಮುದುಕರೆಲ್ಲ ಮೈನೋವು ಎಂದು ನರಳತೊಡಗಿದರು. ಹಲ್ಲೇ ಇಲ್ಲದ ಭರಮಜ್ಜನಿಗೆ ಹಲ್ಲುನೋವು ಬಂತು. ಎಂಬತ್ತು ದಾಟಿದ ಮುದುಕಿಯೊಬ್ಬಳು ಬಸುರಿಯ ಹಾಗೆ ಓಕರಿಸಿದಳು. ಆರೋಗ್ಯ ಇಲಾಖೆಯವರು ಬಂದರು, ನಾಲಿಗೆ ನೋಡಿದರು, ಹೊಂಡದ ಪಕ್ಕ ‘ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ’ ಎಂದು ಬೋರ್ಡು ನೆಟ್ಟು ಹೋದರು. ಜನ ನೀರು ಕಾಯಿಸಿದರು. ಕಾಯಿಸಿದ ನೀರು ಕುಡಿದು, ಕೌದಿ ಹೊದ್ದು ಮಲಗಿ, ನರಳಿದರು.

ನನ್ನ ಅವ್ವನಿಗೆ ಬೆರಳು ನೋಯತೊಡಗಿತು. ಜೊತೆಗೆ ಅಳು. ಅಪ್ಪ ಹೋದ ಹೊಸದರಲ್ಲಿ ಅತ್ತು ಅತ್ತು ಬೇಸಿಗೆ ಕಳೆಯುವಷ್ಟರಲ್ಲಿ ಅವಳು ಸುಮ್ಮನಾಗಿದ್ದಳು. ಹೂ ಕಟ್ಟುವುದನ್ನು ತಾನೇ ನಡೆಸುತ್ತಿದ್ದಳು. ಕಾರ್ತಿಕದಿಂದ ಮತ್ತೆ ಶುರುವಾಯಿತು. ಮಧ್ಯಾಹ್ನ ಉಂಡು ಕೌದಿ ಎಳೆದುಕೊಂಡು ಮಲಗಿದರೆ ಸಾಕು, “ಅಪ್ಪಾ, ಅಪ್ಪಾ” ಎಂದು ಬಿಕ್ಕುತ್ತಿದ್ದಳು. ಅವಳಿಗೆ ಅವಳ ತಂದೆ ನೆನಪಾಗುತ್ತಿರಬೇಕು ಎಂದುಕೊಂಡೆ. ಅವನು ಸತ್ತು ಐವತ್ತು ವರ್ಷವಾಗಿತ್ತು.

ಪುಷ್ಯದ ಅಮಾವಾಸ್ಯೆಗೆ ಶೆಡ್ಡಿಗೆ ರಜೆ. ನಡುಮಧ್ಯಾಹ್ನ, ಅವ್ವ ಅಂಗಳದ ಬಿಸಿಲಿನಲ್ಲಿ ಕೌದಿ ಹೊದ್ದು ಕೂತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಒಮ್ಮೆಲೇ ಎಡಗೈ ಎಳೆದುಕೊಂಡಳು.

“ಮತ್ತ ಬಂತ ನೋಡು, ಹಾಳಾದದ್ದು.”

“ಡಾಕ್ಟರು ವಾತ ಅಂದಾರಲ್ಲಬೇ.”

“ವಾತ ಎಣಿಸಿಗೋತ ಬರ್ತೈತೇನ? ಇದು ಎಣಿಸಿ ಚುಚ್ಚತೈತಿ. ಒಂದು, ಎರಡು, ಮೂರು. ಮೂರಕ್ಕ ನಿಂತು ಬಿಡತೈತಿ. ನಾಕನೇದು ಯಾವತ್ತೂ ಬಂದಿಲ್ಲ. ಬರ್ತೈತಿ ಬರ್ತೈತಿ ಅಂತ ನಾ ಕೈ ಹಿಡಕೊಂಡು ಕುಂದರ್ತೀನಿ, ಬರಂಗಿಲ್ಲ.”

ನಾನು ಅವರೆಕಾಯಿ ಕೆಳಗಿಟ್ಟೆ. “ಯಾವ ಬೆರಳಬೇ?”

ತೋರಿಸಿದಳು. ಎಡಗೈ ತೋರುಬೆರಳು, ಉಗುರಿನ ಪಕ್ಕ.

ಒಳಗೆ ಹೋಗಿ ಕತ್ತರಿ ತಂದು ಕೌದಿಯ ಅಂಚು ಬಿಚ್ಚಿದೆ. ಅವ್ವ, “ಏ ಹುಲಿಗಿ, ತಲಿ ಕೆಟ್ಟೈತೇನ ನಿನಗ? ಚಳಿಗಾಲ ಇನ್ನೂ ಐತಿ,” ಎಂದು ಕೈ ಹಿಡಿದಳು. ಅರಿವೆಯ ಕೆಳಗೆ ಅರಿವೆ ಇತ್ತು. ಅದರ ಕೆಳಗೆ ರೇಷ್ಮೆ. ಅಂಗೈಯಗಲದ ತುಂಡುಗಳು, ಒಂದರ ಮೇಲೊಂದು, ಹೊಟ್ಟೆ ತುಂಬ. ಒಂದರಲ್ಲಿ ಬಾತುಕೋಳಿ, ಇನ್ನೊಂದರಲ್ಲಿ ತುಳಸಿಕಟ್ಟೆ, ಯಾರದೋ ಹೆಸರಿನ ಮೊದಲ ಅಕ್ಷರ. ಪ್ರತಿಯೊಂದನ್ನೂ ಹೊಲಿದವಳ ಮುಖ ನನಗೆ ಗೊತ್ತಿತ್ತು. ಎಡ ಮಗ್ಗುಲಿನ ಮೂಲೆಯಲ್ಲಿ ದಾಳಿಂಬೆ ಬೀಜಗಳಿದ್ದವು. ಒತ್ತಾಗಿ ಶುರುವಾಗಿ, ಕೊನೆಗೆ ಸಾಲು ತಪ್ಪಿ ಚದುರಿದ್ದವು. ಅಂಚಿನಲ್ಲಿ ಕಂದಿದ ರಕ್ತ.

ಅರಿವೆಗೆ ನೋವು ಹತ್ತುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಹತ್ತದೆ ಅದರೊಳಗಿಂದ ಹಾದು ಹೋಗುತ್ತದೆ ಎಂದು ಗೊತ್ತಿದ್ದವರು ಹೇಳಿರಲಿಲ್ಲ. ಹಿತ್ತಲಿನ ಒಲೆಯಲ್ಲಿ ಏನು ಸುಡುತ್ತಿದ್ದರೋ, ಕಸವಿರಬೇಕು.

ಅವ್ವ ತುಂಡುಗಳನ್ನು ಕಡ್ಡಿಯಿಂದ ಸರಿಸುತ್ತ ಹೋದಳು. ಹಸಿರು ಗಿಣಿ ಮೂರು ಸಿಕ್ಕವು. ಆಮೇಲೆ ಕಂದು ಗಿಣಿ. ಅದನ್ನು ಹೊಲಿದದ್ದು ಯಾವತ್ತು ಎಂದು ನಾನು ಹೇಳಲಿಲ್ಲ. ಹೇಳಬೇಕಾಗಲಿಲ್ಲ. ಅವಳು ಆ ಗಿಣಿಯನ್ನು ನೋಡಿ, ನನ್ನನ್ನು ನೋಡಿ, “ಅದಕ್ಕಽ ನಾನು ನನ್ನ ಗಂಡಗ ಅಪ್ಪಾ ಅಂತ ಅಳಾಕತ್ತಿದ್ದೆ,” ಎಂದಳು. ಗಿಣಿಯನ್ನು ಕಡ್ಡಿಯಿಂದ ಪಕ್ಕಕ್ಕೆ ಸರಿಸಿ, “ನಾಚಿಕಿ ಬರ್ತಿತ್ತ ನನಗ, ಯಾರರ ಕೇಳಿದ್ರ ಏನಂತಾರ ಅಂತ,” ಎಂದು ಸೇರಿಸಿದಳು.

ಆಗಲೂ ನನಗೆ ಅಳು ಬರಲಿಲ್ಲ. ದಾಳಿಂಬೆಯ ತುಂಡನ್ನು ಎಲೆಯಲ್ಲಿ ಸುತ್ತಿಕೊಂಡು ಖೈರೂನಬಿಯ ಮನೆಗೆ ಹೊರಟೆ.

ಅವಳು ಮಸೀದಿಯ ಹಿಂದಿನ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೆಂಪು ರಾಶಿ ಮೊಣಕಾಲ ಮಟ್ಟಕ್ಕಿತ್ತು. ಬೇರೆ ಹೆಂಗಸರು ಬೆರಳಿಗೆ ಎಣ್ಣೆ ಸವರಿಕೊಂಡಿದ್ದರು, ಆದರೂ ಗಳಿಗೆಗೊಮ್ಮೆ ಕೈ ಕೊಡವುತ್ತಿದ್ದರು. ಖೈರೂನಬಿ ಆ ಎಡ ತೋರುಬೆರಳೊಂದರಿಂದಲೇ ಸರಸರ ಬಿಡಿಸುತ್ತಿದ್ದಳು.

“ಬಾರವಾ, ಸಂತೃಪ್ತ ಕೈಯಾಕಿ,” ಎಂದಳು. “ನೋಡಿಲ್ಲಿ, ಎಷ್ಟು ಬಿಡಿಸಿದ್ರೂ ಖಾರ ಹತ್ತಂಗಿಲ್ಲ ಈ ಬೆರಳಿಗೆ. ಸಾಹುಕಾರ್ರು ಭಾಳ ದೊಡ್ಡ ಉಪಕಾರ ಮಾಡ್ಯಾರ. ಇನ್ನೂ ನಾಕು ಬೆರಳಿಗೆ ಸೂಜಿ ಹಾಕಿಸಿದ್ದರ ಮೆಣಸಿನಕಾಯಿ ರಾಣಿ ಆಗ್ತಿದ್ದೆ.”

ನಾನು ಕೌದಿಯ ವಿಷಯ ಹೇಳಿದೆ. ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ, “ಅಂದರ ಶ್ರಾವಣದಿಂದ ನಾನು ಮನ್ಯಾಗ ಕುಂತೀನಿ, ನನ್ನ ನೋವು ಮಾತ್ರ ಊರು ಸುತ್ತಾಕತೈತಿ,” ಎಂದಳು. “ನಿಮ್ಮವ್ವನ ಮನಿಗೆ ಹೋಗೈತಿ. ನನ್ನ ಯಾವತ್ತರ ಕರದೀಯೇನ ನಿಮ್ಮ ಮನಿಗೆ?”

“ಸುಟ್ಟು ಬಿಡೂನು ಅಂತ ತಂದೆ.”

“ಸುಡ್ತೀಯಾ?” ಅವಳ ದನಿ ಏರಿತು. “ಯಾರದ ಅದು? ನಿಮ್ಮಪ್ಪ ಕೊಡಿಸಿದ್ದೇನ? ನನ್ನ ಬೆರಳಿಂದು ಅದು. ಕೊಡಿಲ್ಲಿ.”

ತಾನು ಹೊಲಿದ ಚಿಂದಿಯನ್ನು ಯಾರೂ ವಾಪಸು ಕೇಳಿದವರಿರಲಿಲ್ಲ. ಕಳೆದುಕೊಂಡ ನೋವನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ? ಆದ್ದರಿಂದ ಹೊಲಿದವಳೇ ಅದನ್ನು ಮೈಗೆ ಹಚ್ಚಿಕೊಂಡರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಖೈರೂನಬಿ ತುಂಡನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಳು. ಅವಳ ಕಣ್ಣು ಒಮ್ಮೆ ಮುಚ್ಚಿತು, ಎರಡನೆಯ ಸಲ ಮುಚ್ಚಿತು, ಮೂರನೆಯ ಸಲ ಮುಚ್ಚಿ ಹಾಗೇ ಇತ್ತು. ತುಟಿ ಕಚ್ಚಿ ಹಿಡಿದಿದ್ದಳು. ಆಮೇಲೆ ಒಮ್ಮೆಲೇ ಎದ್ದು ಕೈ ಕೊಡವಿ ಕುಣಿಯತೊಡಗಿದಳು.

“ಖಾರ! ಯವ್ವಾ ಖಾರ! ಖಾರ ಹತ್ತಾಕತೈತಿ ಹುಲಿಗೆವ್ವ!”

ಸುತ್ತಲಿನ ಹೆಂಗಸರು ಅವಳಿಗೆ ಏನೋ ಆಯಿತೆಂದು ಎದ್ದು ಬಂದರು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. ಯಾರೋ ಬೆಣ್ಣೆ ತಂದರು. ಬೆಣ್ಣೆ ಸವರುವಾಗ “ಮೆಲ್ಲಕ, ಮೆಲ್ಲಕ” ಎಂದಳು. ಸೂಜಿಯೊಂದನ್ನು ಕೊಟ್ಟೆ. ಆ ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಒಂಬತ್ತು ನಂಬರಿಂದು,” ಎಂದಳು. ಸರಿಯಾಗಿತ್ತು.

ಸುತ್ತಿದ್ದ ತುಂಡನ್ನು ಬಿಚ್ಚಿ ನನ್ನ ಕೈಗೆ ಹಾಕಿದಳು. ನಾನು ಅದನ್ನು ಕೆನ್ನೆಗೆ ಒತ್ತಿ ಹಿಡಿದೆ. ಏನೂ ಬರಲಿಲ್ಲ. ಬರೀ ರೇಷ್ಮೆ.

“ಈಗ ನಿಂದು ಎಲ್ಲೈತಿ?” ಎಂದು ಕೇಳಿದಳು.

“ಮನ್ಯಾಗ.”

“ಮತ್ತ ಇಲ್ಲೇನ ಮಾಡಾಕತ್ತಿ?”

ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅವ್ವ ಕಂದು ಗಿಣಿಯನ್ನು ಒಂದು ತಟ್ಟೆಯಲ್ಲಿ ಇಟ್ಟು, ಬೆಕ್ಕು ಮುಟ್ಟದಂತೆ ಬುಟ್ಟಿ ಬೋರಲು ಹಾಕಿ ಕಾಯುತ್ತಿದ್ದಳು. ನಾನು ಕೂತು ಅದನ್ನು ಎದೆಗೆ ಹಚ್ಚಿ ಸೆರಗು ಮುಚ್ಚಿಕೊಂಡೆ. ಮೊದಲು ಬಾಳೆನಾರಿನ ವಾಸನೆ ಬಂತು. ಆಮೇಲೆ ಅವನ ಅಂಗಿ ನೆನಪಾಯಿತು, ನಾನು ಒಲೆ ಒರೆಸಿದ ಅಂಗಿ. ಆಮೇಲಿನದನ್ನು ಬರೆಯುವುದಿಲ್ಲ. ಕತ್ತಲಾಗುವವರೆಗೆ ಅತ್ತೆ. ಅವ್ವ ನಡುವೆ ಒಮ್ಮೆ ಎದ್ದು ಹೋಗಿ ಅವರೆಕಾಯಿಯ ಪಲ್ಯ ಇಳಿಸಿ ಬಂದಳು. “ಅಳು, ಅಳು. ನಾ ನಿನ್ನ ಪಾಲಿಂದು ಮೂರು ತಿಂಗಳು ಅತ್ತೀನಿ, ಇನ್ನ ನನ್ನ ಕೈಲೆ ಆಗಂಗಿಲ್ಲ,” ಎಂದಳು. ಹಸಿರು ಗಿಣಿಗಳನ್ನೂ ತೆಗೆದುಕೊಂಡೆ. ಅವು ಸೊಂಟದವು. ಮೂರು ದಿನದ ಸೊಂಟನೋವು ಒಟ್ಟಿಗೇ ಬಂದು ನೆಟ್ಟಗೆ ನಿಲ್ಲಲಾಗಲಿಲ್ಲ. ಅವ್ವ ನನ್ನನ್ನು ನೋಡಿ ನಕ್ಕಳು. ಆ ವರ್ಷದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮರುದಿನ ಕೌದಿಯಲ್ಲಿ ಉಳಿದ ತುಂಡುಗಳನ್ನು ಬುತ್ತಿಯ ಡಬ್ಬಿಯಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ಬರುವ ಮೊದಲು ಒಬ್ಬೊಬ್ಬಳ ಪಕ್ಕ ನಿಂತು, ಎಲ್ಲಿ ಸಿಕ್ಕಿತೆಂದು ಹೇಳಿ, ಅವಳವಳದನ್ನು ಮುಂದಿಟ್ಟೆ. ಎಲ್ಲರೂ ತೆಗೆದುಕೊಂಡರೆಂದು ಹೇಳಿದರೆ ಸುಳ್ಳಾಗುತ್ತದೆ. ಖೈರೂನಬಿಯ ಜಾಗದಲ್ಲಿ ಕೂತಿದ್ದ ಚಂಪಾ ತನ್ನ ಬಾತುಕೋಳಿಯನ್ನು ನೋಡಿ ಸ್ಟೂಲು ಹಿಂದಕ್ಕೆ ಸರಿಸಿದಳು.

“ನನಗ ಬ್ಯಾಡಕ್ಕಾ. ಅದರಾಗ ಏನೈತಿ ಅಂತ ನನಗ ಗೊತ್ತೈತಿ. ಹೊಟ್ಟ್ಯಾಗಿಂದು ಒಮ್ಮೆ ಕಳಕೊಂಡೀನಿ, ಸಾಕು.”

“ನಮ್ಮ ಓಣ್ಯಾಗ ಎಂಬತ್ತು ವರ್ಷದ ಮುದುಕಿ ಒಬ್ಬಾಕಿ ಓಕರಿಸಾಕತ್ಯಾಳ, ಚಂಪಾ. ಆಕಿ ಕೌದ್ಯಾಗೂ ನಿಂದೊಂದು ಇರಬೇಕು. ಇಂಥವು ಇನ್ನೆಷ್ಟು ಅದಾವೋ.”

ಅವಳು ಕೆಳಗೆ ನೋಡಿದಳು. ತುಂಡನ್ನು ಮುಟ್ಟಲೂ ಇಲ್ಲ, ತಳ್ಳಲೂ ಇಲ್ಲ. ಅದು ಅಲ್ಲೇ ಮಷಿನ್ನಿನ ಅಂಚಿನಲ್ಲಿ ಉಳಿಯಿತು.

ಆವತ್ತು ಸಾಹುಕಾರರ ಮಗಳ ಧಾರೆ ಸೀರೆ ಶುರುಮಾಡುವ ದಿನ. ಈರುಳ್ಳಿಯ ಒಳಸಿಪ್ಪೆಯಂಥ ರೇಷ್ಮೆ, ಉಸಿರು ಬಿಟ್ಟರೆ ಏಳುತ್ತಿತ್ತು. ಸೆರಗಿನ ತುಂಬ ಗಿಣಿಜೋಡಿ ಹಾಕಬೇಕಿತ್ತು. ಇಪ್ಪತ್ತಾರು ಜನರಲ್ಲಿ ನನ್ನನ್ನು ಆರಿಸಿದ್ದರು. “ಅಪ್ಪ ಸತ್ತರೂ ಕೈ ನಡುಗದಾಕಿ,” ಎಂದು ಅಕ್ಕಾವರು ಬೀಗರ ಮುಂದೆ ಹೇಳಿದ್ದರಂತೆ. ಅಕ್ಕಾವರೇ ಬಂದು ಮಷಿನ್ನಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆಸಿದರು, ಎಲ್ಲರಿಗೂ ಶಿರಾ ಕೊಡಿಸಿದರು. ನಾನು ರಿಂಗಿಗೆ ಹಳೆಯ ಧೋತರದ ಪಟ್ಟಿ ಸುತ್ತಿದೆ, ರೇಷ್ಮೆಗೆ ಗುರುತು ಬೀಳಬಾರದೆಂದು. ಕೆಳಗೆ ತೆಳು ಕಾಗದ ಇಟ್ಟೆ. ಸೀರೆಯನ್ನು ಬಿಗಿದೆ. ಮಷಿನ್ನಿನ ಕಾಲು ಬಿಚ್ಚಿಟ್ಟೆ. ಸೊಂಟ ಕಿತ್ತುಕೊಳ್ಳುತ್ತಿತ್ತು. ಎದೆಯಲ್ಲಿ ಅಪ್ಪ ಇದ್ದ.

ಕಾಡಪ್ಪ ಮೇಸ್ತ್ರಿ ತಟ್ಟೆ ಹಿಡಿದು ಬಂದ. “ಸೀರಿ ಬಿಗಿಯೂಕಿಂತ ಮೊದಲ ಚಿಂದಿ ಹಾಕಬೇಕಲ್ಲಽ ಹುಲಿಗೆವ್ವ, ಮರತೀಯೇನ? ತಗೋ. ಇವತ್ತ ಎರಡು ಹಾಕು. ಮನೀದು ಕೆಲಸ.”

“ಹಾಕಿದ್ದನ್ನ ಎಲ್ಲಿ ಒಯ್ತೀರಿ ಮೇಸ್ತ್ರಿ?”

“ಸುಡ್ತೀವಿ. ಹೊಸದಾಗಿ ಕೇಳ್ತೀಯಲ್ಲ.”

ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಂದು ಗಿಣಿಯನ್ನು ತೆಗೆದು ಅವನ ತಟ್ಟೆಯಲ್ಲಿ ಇಟ್ಟೆ. ಆಗ ಅದು ಖಾಲಿ ಬಟ್ಟೆ. ಅವನಿಗೆ ಅದು ಗೊತ್ತಿರಲಿಲ್ಲ; ಹಾವು ಬಿದ್ದಂತೆ ತಟ್ಟೆಯನ್ನು ಕೈಬಿಟ್ಟ. ಹಿತ್ತಾಳೆ ತಟ್ಟೆ ಉರುಳಿ ಉರುಳಿ ಅಕ್ಕಾವರ ಪಾದದ ಹತ್ತಿರ ನಿಂತಿತು. ಶೆಡ್ಡಿನಲ್ಲಿ ಮೋಟಾರುಗಳು ಒಂದೊಂದಾಗಿ ಸುಮ್ಮನಾದವು. ಅಕ್ಕಾವರು ಕೆಳಗೆ ಬಿದ್ದ ತುಂಡನ್ನು ನೋಡಿದರು, ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕೌದಿ ಹಂಚುವಾಗ ಕೋಲು ಹಿಡಿಸಿದವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

“ಏನವಾ ಇದು?” ಎಂದರು, ದನಿ ಮೆತ್ತಗೆ ಮಾಡಿ. “ಮೈ ಹಗುರ ಮಾಡಿಕೊಳ್ಳೂದು ಬ್ಯಾಡೇನ ನಿನಗ? ನಿನ್ನ ಒಳ್ಳೇದಕ್ಕಽ ಹೇಳೂದು. ಹಾಕು, ಹಾಕಿ ಸುರು ಮಾಡು.”

“ಹಾಕಂಗಿಲ್ರಿ ಅಕ್ಕಾರ.”

“ಸೊಂಟಾ ಹಿಡಕೊಂಡು ಕುಂತೀಯಲ್ಲ, ನೋಯಂಗಿಲ್ಲೇನ?”

“ನೋಯತೈತ್ರಿ. ನಂದಽ ಅದು.”

ನಾನು ಮೋಟಾರು ಹಾಕಲಿಲ್ಲ. ಗಾಲಿಯ ಮೇಲೆ ಕೈಯಿಟ್ಟು, ರಿಂಗನ್ನು ಸರಿಸಿ, ಮೊದಲ ಗಿಣಿಯ ಕೊಕ್ಕಿನ ಗುರುತು ಸೂಜಿಯ ಕೆಳಗೆ ಬರುವಂತೆ ಮಾಡಿದೆ. ಗಾಲಿಯನ್ನು ಕೈಯಿಂದಲೇ ಅರ್ಧ ಸುತ್ತು ತಿರುಗಿಸಿದೆ. ಸೂಜಿ ಇಳಿಯಿತು. ತೆಳು ರೇಷ್ಮೆಗೆ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು, ಅಕ್ಕಾವರಿಗೂ ಗೊತ್ತು.

“ಮುಟ್ಟಬ್ಯಾಡ!” ಎಂದು ಅವರು ಕಿರುಚಿದರು. ಮೆತ್ತನೆಯ ದನಿ ಹೋಗಿತ್ತು. “ನನ್ನ ಮಗಳು ಉಡೂದೈತಿ ಅದನ್ನ. ಕೈ ತಗಿ. ಏಳು. ಎದ್ದು ಹೊರಗ ನಡಿ.”

ಮೇಸ್ತ್ರಿ ನನ್ನ ಹತ್ತಿರ ಬಂದ, ಆದರೆ ಮುಟ್ಟಲಿಲ್ಲ. ಪಕ್ಕದಲ್ಲಿ ಚಂಪಾ ಬಾತುಕೋಳಿಯ ತುಂಡನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಯಾವಾಗ ಎತ್ತಿಕೊಂಡಳೋ ನಾನು ನೋಡಿರಲಿಲ್ಲ. ಸೂಜಿ ರೇಷ್ಮೆಯೊಳಗೇ ಇತ್ತು. ನಾನು ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

“ಏಳಂಗಿಲ್ರಿ,” ಎಂದೆ.